ಒಂದು ಬೋಲ್ಟಿಗೆ ₹11,400 ಕೊಟ್ಟು ಬಂದೀನಿ, ನೀವು ಕೊಡಬ್ಯಾಡ್ರಿ

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕ ಬರೀಲಿಕ್ಕೆ ಕುಂತೀನಿ. ಗ್ಯಾರೇಜಿನ ಹೆಸರು ಹಾಕಂಗಿಲ್ಲ. ಆದ್ರ ಹುಬ್ಬಳ್ಳಿ-ಧಾರವಾಡದಾಗ ಹಳೇ ಕಾರು ಇಟಗೊಂಡವರು ಪೂರ್ತಿ ಓದ್ರಿ.

ನಮ್ಮದು 2009ರ ಪೆಟ್ರೋಲ್ ಗಾಡಿ. ಮುಂಜಾನೆ ಚಾಲೂ ಮಾಡಿದ ಕೂಡ್ಲೇ ಬಾನೆಟ್ ಒಳಗ ಪಟ್ ಪಟ್ ಸಪ್ಪಳ, ಎಂಜಿನ್ ಕಾದ ಮ್ಯಾಲೆ ಕಡಿಮಿ. ಗ್ಯಾರೇಜಿನವರು ನೋಡಿ, ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್ನಿನ ಹೊಗಿ ಹೊರಗ ಒಯ್ಯೋ ಕೊಳವಿ) ಗ್ಯಾಸ್ಕೆಟ್, ಅಂದ್ರ ಸಂದಿ ಮುಚ್ಚೋ ಪಟ್ಟಿ, ಹೋಗೇತಿ, ₹900 ಆಗ್ತೈತಿ, ಮಧ್ಯಾಹ್ನಕ್ಕ ಕೊಡ್ತೀವಿ ಅಂದ್ರು. ಮರುದಿನ ಗದಗಕ್ಕ ಹೋಗೂದಿತ್ತು. ಅರ್ಜೆಂಟ್ ಐತ್ರಿ ಅಂತ ನಾನ ಅಂದೆ. ಆ ಒಂದು ಮಾತು ಆಮ್ಯಾಲೆ ನನ್ನ ಮ್ಯಾಲೇ ತಿರುಗಿತು.

ನಾನು ಅಲ್ಲೇ ನಿಂತಿದ್ದೆ. ಇಷ್ಟು ವರ್ಷ ಕಾದು, ಆರಿ, ಮತ್ತ ಕಾದು ನಟ್ಟೆಲ್ಲಾ ಜಂಗ್ ಹಿಡದು ಕೆಂಪಗಾಗಿದ್ದವು. ಒಂದು ಹನಿ ಎಣ್ಣಿ ಬಿಡಲಿಲ್ಲ. ಒಂದು ಹನಿ! ಹುಡುಗ ಪಾನಾಕ್ಕ ಕಬ್ಬಿಣದ ಪೈಪು ಏರಿಸಿ, ಬಂಪರಿಗೆ ಕಾಲು ಕೊಟ್ಟು ಜಗ್ಗಿದ. ಕಿರ್ರ್ ಅಂದಿದ್ರ ನಟ್ ಬಿಡ್ತಿತ್ತು. ಅಂದದ್ದು ಟಕ್. ಪೈಪು ಒಮ್ಮೆಲೇ ಹಗುರಾತು. ನಟ್ ಕೂರೋ ಸ್ಟಡ್, ಅಂದ್ರ ಎಂಜಿನ್ನಿನ ಮ್ಯಾಲಿನ ಭಾಗ ಹೆಡ್ಡಿನಾಗ ಕೂಡಿಸಿದ ತಲಿ ಇಲ್ಲದ ಬೋಲ್ಟ್, ಮುರದಿತ್ತು.

"ಸ್ಟಡ್ ಹೋತ್ರಿ ಸರ್. ಹಳೇ ಗಾಡಿ ಅಲ್ರಿ. ನೀವು ಮನಿಗೆ ಹೋಗ್ರಿ, ಫೋನ್ ಮಾಡ್ತೀವಿ."

ಒಂದು ತಾಸಿಗೆ ವಾಟ್ಸಾಪಿನಾಗ ಫೋಟೋ ಬಂತು. ಹಿಂದ್ಹಿಂದನ ಫೋನು. "ಹೆಡ್ ಇಳಿಸಿ ಲೇತಿಗೆ ಕಳಸಬೇಕ್ರಿ, ಬ್ಯಾರೆ ದಾರಿ ಇಲ್ಲ." ಫೋಟೋ ನೋಡಿದೆ, ಏನೂ ತಿಳೀಲಿಲ್ಲ, ಹೂಂ ಅಂದೆ. ನಾಲ್ಕು ದಿನ ಹಿಡೀತು. ಹೆಡ್ ಗ್ಯಾಸ್ಕೆಟ್, ಕೂಲಂಟ್, ಎಂಜಿನ್ ಆಯಿಲ್, ಲೇತ್, ಲೇಬರ್, ಎಲ್ಲಾ ಕೂಡಿ ₹11,400. ಚೀಟಿ ಮ್ಯಾಲೆ ಪೆನ್ನಿಲೆ ಬರದು ಕೊಟ್ರು. ಪಕ್ಕಾ ಬಿಲ್ ಕೇಳಿದ್ರ "ಜಿಎಸ್‌ಟಿ ಬ್ಯಾರೆ ಹತ್ತೈತ್ರಿ" ಅಂದ್ರು.

ಮೊನ್ನೆ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಾಗ ವೆಲ್ಡಿಂಗ್ ಮಾಡೋ ಗುರ್ತಿನ ಹಿರಿಯರಿಗೆ ಆ ಫೋಟೋ ತೋರಿಸಿದೆ. ಎರಡು ಬೆರಳಿಲೆ ದೊಡ್ಡದು ಮಾಡಿ ನೋಡಿದ್ರು. "ಸ್ಟಡ್ ಅರ್ಧ ಇಂಚು ಹೊರಗ ಐತಲ್ಲೋ ತಮ್ಮಾ. ಇದರ ಮ್ಯಾಲೆ ನಟ್ ಇಟ್ಟು ವೆಲ್ಡ್ ಹೊಡದ್ರ ಆ ಕಾವಿಗೇ ಜಂಗ್ ಬಿಡ್ತೈತಿ, ಪಾನಾ ಹಾಕಿ ತಿರುವೂದು. ಮದಲ ಅದನ್ನ ಮಾಡಿ ನೋಡ್ತಾರ. ಹೆಡ್ ಯಾಕ ಇಳಿಸಿದ್ರು?"

ಹೆಡ್ ಯಾಕ ಇಳಿಸಿದ್ರು! ನನ್ನ ಬಾಯಿ ಕಟ್ಟಿಬಿಡ್ತು. ಅವರ ಕಳಿಸಿದ ಫೋಟೋ, ನನ್ನ ಫೋನಿನಾಗ ಇತ್ತು, ಅದರಾಗ ಸ್ಟಡ್ ಎದ್ದು ಕಾಣಾತಿತ್ತು. ಅದನ್ನ ನೋಡಿಕೋತ ನಾನು ಹೂಂ ಅಂದಿದ್ದೆ. ಮನಿಯಾಗ ಹೇಳಾಕೂ ನಾಚಿಕಿ.

ಅಲ್ಲಿಂದನ ಗ್ಯಾರೇಜಿಗೆ ಫೋನ್ ಹಚ್ಚಿದೆ.

"ನಾವು ಮುರಿಲಿಲ್ರಿ, ಅದ ಮುರೀತು."

ನಟ್ ವೆಲ್ಡ್ ಮಾಡಿ ನೋಡಿದ್ರೇನು?

"ಅದೆಲ್ಲಾ ನಿಂದ್ರಂಗಿಲ್ರಿ."

ಮಾಡಿ ನೋಡಿದ್ರೋ ಇಲ್ಲೋ?

"ನೀವ ಅರ್ಜೆಂಟ್ ಅಂದ್ರಿ. ನೀವ ಹೂಂ ಅಂದ್ರಿ. ರೆಕಾರ್ಡಿಂಗ್ ಐತ್ರಿ ನಮ್ಮ ಕಡೆ."

ಅರ್ಜೆಂಟ್ ಅಂದವನ ಗಾಡಿ ನಾಲ್ಕು ದಿನ ಇಟಗೊಂಡವರು ಈ ಮಾತು ಆಡ್ತಾರ.

ಜಂಗ್ ಹಿಡದ ಬೋಲ್ಟ್ ಇದ್ರ ಗಾಡಿ ಹಿಂದಿನ ದಿನ ಸಂಜೀಕೇ ಬಿಡ್ರಿ. ಎಂಜಿನ್ ಆರಿದ ಮ್ಯಾಲೆ ಜಂಗ್ ಬಿಡಿಸೋ ಎಣ್ಣಿ ಹಾಕಿ ರಾತ್ರಿ ನೆನೀಲಿ. ನಟ್ಟಿನ ಆರೂ ಮೈ ಹಿಡಿಯೋ 6 ಮೂಲಿ ಸಾಕೆಟ್ಟಿಲೆ ಸ್ವಲ್ಪ ಬಿಗಿ, ಸ್ವಲ್ಪ ಸಡ್ಲ, ಹಂಗ ಆಡಿಸಿ ತಗೀಲಿ. ಪೈಪು ಏರಿಸಿದ್ರ ಅಲ್ಲೇ ತಡೀರಿ. ಮುರದ ಸ್ಟಡ್ಡಿಗೆ ಗಡಿಬಿಡಿಯಿಂದ ಡ್ರಿಲ್ ಹಚ್ಚಾಕೂ ಬಿಡಬ್ಯಾಡ್ರಿ. ಹೆಡ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು, ಡ್ರಿಲ್ ಮೆತ್ತಗಿದ್ದ ಕಡೆ ಜಾರಿ ಹೆಡ್ಡಿನ ಥ್ರೆಡ್ ತಿಂತೈತಿ. ಮುರದದ್ದನ್ನ ಬ್ಯಾರೆಯವರಿಗೆ ತೋರಿಸೋ ತನಕ ಹೂಂ ಅನಬ್ಯಾಡ್ರಿ.

ಅರ್ಧ ರೊಕ್ಕನಾದ್ರೂ ತಿರುಗಿ ಕೊಡ್ರಿ ಅಂತ ನಿನ್ನೆ ಮೆಸೇಜ್ ಹಾಕೀನಿ. ಎರಡು ನೀಲಿ ಗೆರಿ ಬಿದ್ದಾವು, ಉತ್ತರ ಇಲ್ಲ. ಧಾರವಾಡದ ಗ್ರಾಹಕರ ಆಯೋಗಕ್ಕ ಹೋಗೂದು ಅಂದ್ರ ನನ್ನ ಕೈಯಾಗ ಇರೂದು ಆ ಪೆನ್ನಿನ ಚೀಟಿ ಮತ್ತ ಆ ಫೋಟೋ, ಅಷ್ಟ.