ಫೇಲ್ ಮಾಡುವ ಸಿಸ್ಟರ್, ಪಾಸ್ ಮಾಡುವ ಫಾದರ್: 1945ರ ‘ದ ಬೆಲ್ಸ್ ಆಫ್ ಸೇಂಟ್ ಮೇರೀಸ್’

ಈ ಸಿನಿಮಾದಲ್ಲಿ ವಿಲನ್ ಇಲ್ಲ. ಇರುವುದು ಬೀಳೋ ಸ್ಥಿತಿಗೆ ಬಂದಿರುವ ಒಂದು ಶಾಲೆ, ಅದನ್ನು ನಡೆಸುವ ಸಿಸ್ಟರ್‌ಗಳು, ಹೊಸದಾಗಿ ಬಂದ ಒಬ್ಬ ಫಾದರ್. ಆಮೇಲೆ ಫಾದರ್‌ಗೂ ದೊಡ್ಡ ಸಿಸ್ಟರ್‌ಗೂ ಎರಡು ಗಂಟೆ ನಡೆಯುವ ಜಗಳ. ಅದೂ ಎಂಥ ಜಗಳ ಅಂತೀರಿ, ಇಬ್ಬರೂ ನಗುನಗುತ್ತಾ, ‘ನೀವು ಹೇಳಿದ್ದೇ ಸರಿ’ ಅನ್ನುವ ಧಾಟಿಯಲ್ಲೇ ಒಬ್ಬರ ಮಾತನ್ನು ಒಬ್ಬರು ಕೇಳದೆ ತಮ್ಮ ದಾರಿ ತಾವು ಹಿಡಿಯುವ ಜಗಳ.

ಕೋಲಾರ, ಕೆ.ಜಿ.ಎಫ್. ಕಡೆ ಕಾನ್ವೆಂಟಿನಲ್ಲಿ ಓದಿದವರಿಗೆ ಇದೇನೂ ಹೊಸ ಲೋಕ ಅಲ್ಲ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆದರೆ ಆ ಕಾಲದ ಚರ್ಚುಗಳು ಇನ್ನೂ ಇವೆ. ಬಿಳಿ ಬಟ್ಟೆಯ ಸಿಸ್ಟರ್ ಕಾರಿಡಾರಿನಲ್ಲಿ ಬಂದರೆ ಇಡೀ ಕ್ಲಾಸು ಗಪ್‌ಚಿಪ್ ಆಗುವುದು ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತಿಲ್ಲ ಹೇಳಿ.

ಫಾದರ್ ಓಮ್ಯಾಲಿ ಆಗಿರುವುದು ಹಾಡುಗಾರ ಬಿಂಗ್ ಕ್ರಾಸ್ಬಿ. ಹಿಂದಿನ ವರ್ಷದ ‘ಗೋಯಿಂಗ್ ಮೈ ವೇ’ಯಲ್ಲಿ ಇದೇ ಪಾತ್ರಕ್ಕೆ ಆಸ್ಕರ್ ತೆಗೆದುಕೊಂಡಿದ್ದರು. ಎರಡಕ್ಕೂ ನಿರ್ದೇಶಕ ಲಿಯೋ ಮೆಕ್ಯಾರಿ. ಆದರೆ ಅದನ್ನು ನೋಡದಿದ್ದರೂ ಇದು ಅರ್ಥವಾಗುತ್ತದೆ. ಕ್ರಾಸ್ಬಿ ಚೆನ್ನಾಗಿದ್ದಾರೆ, ಹಾಡುಗಳೂ ಪರವಾಗಿಲ್ಲ. ಸಿನಿಮಾ ಮಾತ್ರ ಸಿಸ್ಟರ್ ಬೆನೆಡಿಕ್ಟ್ ಆಗಿರುವ ಇಂಗ್ರಿಡ್ ಬರ್ಗ್‌ಮನ್ ಅವರದ್ದು.

ಒಂದು ಸೀನ್ ಹೇಳಿಬಿಡುತ್ತೇನೆ. ಶಾಲೆಯ ಅಂಗಳದಲ್ಲಿ ಎಡ್ಡಿ ಅನ್ನುವ ಸಾಧು ಹುಡುಗ ಹೊಡೆಸಿಕೊಳ್ಳುತ್ತಾನೆ. ಫಾದರ್‌ಗೆ ಹೊಡೆದವನ ಮೇಲೇ ಸ್ವಲ್ಪ ಮೆಚ್ಚುಗೆ, ಗಂಡಸರ ಲೋಕ ಹೀಗೇ ಅಂತ. ಸಿಸ್ಟರ್ ವಾದ ಮಾಡುವುದಿಲ್ಲ. ಸೀದಾ ಅಂಗಡಿಗೆ ಹೋಗಿ ಬಾಕ್ಸಿಂಗ್ ಪುಸ್ತಕ ಕೊಂಡು ತರುತ್ತಾರೆ, ಓದುತ್ತಾರೆ, ಆಮೇಲೆ ಆ ಉದ್ದ ನಿಲುವಂಗಿಯಲ್ಲೇ ಮುಷ್ಟಿ ಕಟ್ಟಿ, ಕಾಲು ಹಿಂದೆ ಮುಂದೆ ಆಡಿಸುತ್ತಾ ಎಡ್ಡಿಗೆ ಪಾಠ ಮಾಡುತ್ತಾರೆ. ಪಾಠ ತಲೆಗೆ ಹತ್ತಿದ ಹುಡುಗ ಅವರ ಮುಖಕ್ಕೇ ಒಂದು ಬಿಡುತ್ತಾನೆ! ಆಗ ಬರ್ಗ್‌ಮನ್ ಮುಖದಲ್ಲಿ ನೋವು, ನಗು, ಹೆಮ್ಮೆ ಮೂರೂ ಒಟ್ಟಿಗೆ ಬರುತ್ತವೆ ನೋಡಿ, ಅಷ್ಟಕ್ಕೇ ಕೊಟ್ಟ ದುಡ್ಡು ವಸೂಲು. ಎಂಟು ನಾಮಿನೇಷನ್‌ನಲ್ಲಿ ಸಿನಿಮಾಗೆ ಸಿಕ್ಕಿದ್ದು ಒಂದೇ ಆಸ್ಕರ್, ಅದೂ ಸೌಂಡ್‌ಗೆ. ಬರ್ಗ್‌ಮನ್‌ಗೆ ಕೊಡಬಹುದಿತ್ತು ಅಂತ ನನ್ನ ಲೆಕ್ಕ.

ಚಿಕ್ಕ ಮಕ್ಕಳು ಕ್ರಿಸ್‌ಮಸ್ ನಾಟಕ ಮಾಡುವ ಸೀನ್ ಕೂಡ ಹಾಗೇ. ಯಾರಿಗೂ ಮಾತು ಸರಿಯಾಗಿ ಬಾಯಿಪಾಠ ಆಗಿಲ್ಲ. ಕೊನೆಗೆ ಬಾಲಯೇಸುವಿಗೆ ‘ಹ್ಯಾಪಿ ಬರ್ತ್‌ಡೇ’ ಹಾಡಿಬಿಡುತ್ತಾರೆ. ಇಂಗ್ಲಿಷ್ ಬಾರದ ನಮ್ಮ ಅಜ್ಜಿ ಜಾಸ್ತಿ ನಕ್ಕಿದ್ದು ಇಲ್ಲೇ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಪ್ಯಾಟ್ಸಿ ಕಥೆ. ಮನೆ ಸರಿ ಇಲ್ಲದ ಹುಡುಗಿ. ಫಾದರ್ ತಾವೇ ಕರೆದುಕೊಂಡು ಬಂದು ಸೇರಿಸಿದ್ದಾರೆ. ಅವಳು ಪರೀಕ್ಷೆಯಲ್ಲಿ ಫೇಲ್. ಪಾಸ್ ಮಾಡಿಬಿಡಿ, ಇಲ್ಲಾಂದ್ರೆ ಹುಡುಗಿ ಕುಗ್ಗಿ ಹೋಗುತ್ತಾಳೆ ಅನ್ನುತ್ತಾರೆ ಫಾದರ್. ಹಾಗಾದರೆ ಕಷ್ಟಪಟ್ಟು ಓದಿದವರಿಗೆ ಏನು ಬೆಲೆ ಅನ್ನುತ್ತಾರೆ ಸಿಸ್ಟರ್. ನಾನು ಇಲ್ಲಿ ಹೈಸ್ಕೂಲ್ ಮೇಷ್ಟ್ರು. 2024ರಲ್ಲಿ ಎಸ್‌ಎಸ್‌ಎಲ್‌ಸಿಗೆ ಗ್ರೇಸ್ ಮಾರ್ಕ್ಸ್ ಶೇಕಡಾ 10ರಿಂದ 20ಕ್ಕೆ ಏರಿಸಿದರಲ್ಲ, ಆವಾಗ ನಮ್ಮ ಸ್ಟಾಫ್ ರೂಮಿನಲ್ಲಿ ನಡೆದಿದ್ದು ಇದೇ ಜಗಳ, ಪಕ್ಕಾ ಇದೇ. ‘ಪಾಪ, ಮುಂದಕ್ಕೆ ಹೋಗಲಿ ಬಿಡಿ ಸಾರ್’ ಅನ್ನುವವರು ಒಂದು ಕಡೆ, ‘ಪಿಯುಸಿಯಲ್ಲಿ ಯಾರು ಸಾರ್ ಕೈ ಹಿಡೀತಾರೆ’ ಅನ್ನುವವರು ಇನ್ನೊಂದು ಕಡೆ. ನಾನು ಸಿಸ್ಟರ್ ಪಾರ್ಟಿ. ಆದರೂ ಸಿನಿಮಾ ನೋಡುವಾಗ ಎರಡು ಸಲ ಫಾದರ್ ಕಡೆ ವಾಲಿದೆ, ಯಾಕಂದರೆ ಇಲ್ಲಿ ಯಾರನ್ನೂ ದಡ್ಡರ ಹಾಗೆ ತೋರಿಸಿಲ್ಲ. ಪ್ಯಾಟ್ಸಿ ಯಾಕೆ ಫೇಲ್ ಆದಳು ಅನ್ನುವುದನ್ನು ಹೇಳಲ್ಲ, ನೋಡಿ.

ಬೇಜಾರಾದ ವಿಷಯವೂ ಇದೆ. ಪಕ್ಕದಲ್ಲಿ ದೊಡ್ಡ ಕಟ್ಟಡ ಕಟ್ಟುತ್ತಿರುವ ಸಾಹುಕಾರ ಬೊಗಾರ್ಡಸ್ (ಮರುವರ್ಷ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ನಲ್ಲಿ ದೇವದೂತ ಆದ ಹೆನ್ರಿ ಟ್ರಾವರ್ಸ್ ಇವರೇ) ಶಾಲೆ ಕೆಡವಿ ಪಾರ್ಕಿಂಗ್ ಮಾಡಬೇಕು ಅಂತಿರುತ್ತಾರೆ. ಇಂಥ ಮನುಷ್ಯನ ಮನಸ್ಸು ಕರಗುವುದು ತೀರಾ ಸಲೀಸಾಯಿತು. ನಮ್ಮೂರಲ್ಲಿ ಸೈಟ್ ಹಿಡಿದವರು ಯಾರಾದರೂ ಹಾಗೆ ಬಿಟ್ಟುಕೊಟ್ಟಿದ್ದನ್ನು ಕಂಡಿದ್ದೀರಾ?

ಇನ್ನೊಂದು, ಸಿಸ್ಟರ್‌ಗೆ ಟಿ.ಬಿ. ಬಂದಿದ್ದನ್ನು ಡಾಕ್ಟರ್ ಮಾತು ಕೇಳಿಕೊಂಡು ಫಾದರ್, ಸಿಸ್ಟರ್‌ಗೇ ಗೊತ್ತಾಗದ ಹಾಗೆ ಮುಚ್ಚಿಡುತ್ತಾರೆ. ಬೇರೆ ಊರಿಗೆ ವರ್ಗ ಅಂದಾಗ, ಫಾದರ್ ತನ್ನನ್ನು ಹೊರಗೆ ಹಾಕಿಸಿದರು ಅಂತಲೇ ಸಿಸ್ಟರ್ ಒಳಗೊಳಗೇ ನೋಯುತ್ತಾರೆ. ಆ ಕಾಲದಲ್ಲಿ ಟಿ.ಬಿ.ಗೆ ವಿಶ್ರಾಂತಿ, ಒಳ್ಳೆ ಗಾಳಿ ಬಿಟ್ಟರೆ ಹೆಚ್ಚಿನ ಮದ್ದು ಇರಲಿಲ್ಲ, ನಿಜ. ನಮ್ಮ ಪಕ್ಕದ ಮದನಪಲ್ಲಿ ಹತ್ತಿರ ಮಿಷನ್‌ನವರು 1915ರಲ್ಲಿ ಆರೋಗ್ಯವರಂ ಸ್ಯಾನಟೋರಿಯಂ ತೆರೆದಿದ್ದೂ ಅದಕ್ಕೇ. ಆದರೆ ಶಾಲೆಯನ್ನೇ ನಡೆಸುವ ಹೆಂಗಸಿಗೆ ಅವರ ಕಾಯಿಲೆ ಹೇಳಬಾರದು ಅಂತ ಇಬ್ಬರು ಗಂಡಸರು ಕೂತು ತೀರ್ಮಾನ ಮಾಡುವುದು ನೋಡಿ ಮೈ ಉರಿಯಿತು. ಕೊನೆಯ ನಿಮಿಷದಲ್ಲಿ ಸರಿ ಮಾಡಿದ್ದಾರೆ, ಅಲ್ಲೂ ಬರ್ಗ್‌ಮನ್‌ದೇ ಮೇಲುಗೈ.

ನಾನು ಆನ್‌ಲೈನ್‌ನಲ್ಲಿ ತರಿಸಿದ ಡಿವಿಡಿ ಡಬ್ಬಿ ಒಡೆದು ಬಂತು, ಡಿಸ್ಕ್ ಸದ್ಯ ಚೆನ್ನಾಗಿತ್ತು. ಕಪ್ಪು ಬಿಳುಪು, 126 ನಿಮಿಷ, ಕನ್ನಡ ಸಬ್‌ಟೈಟಲ್ ಇಲ್ಲ. ಅಜ್ಜಿಗೆ ಪಕ್ಕದಲ್ಲಿ ಕೂತು ನಾನೇ ಹೇಳುತ್ತಾ ಹೋದೆ. ಮಕ್ಕಳ ಜೊತೆ ನೋಡುವವರು ಒಂದೇ ಸಲ ಮುಗಿಸಲು ಹೋಗಬೇಡಿ, ನಡುವೆ ಸ್ವಲ್ಪ ಎಳೆಯುತ್ತದೆ. ಐದಕ್ಕೆ ನಾಲ್ಕು ಕೊಟ್ಟಿದ್ದೇನೆ, ಒಂದು ಕಡಿಮೆ ಮಾಡಿದ್ದು ಆ ಸಾಹುಕಾರನ ದೆಸೆಯಿಂದ.