ತುಮಕೂರಿನ ಒಂದು ವಾಚು ರಿಪೇರಿ ಅಂಗಡಿ: ಗ್ರಾಹಕನೊಬ್ಬನ ಅನುಭವ

ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿದ ಮೇಲೆ, ತುಮಕೂರು ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಮೂರು ದಶಕ ದುಡಿದಿದ್ದ ಹಿರಿಯರೊಬ್ಬರು ಸ್ವಯಂ ನಿವೃತ್ತಿಯ ಹಣದಲ್ಲಿ ತೆರೆದಿರುವ ಈ ಪುಟ್ಟ ಅಂಗಡಿಗೆ, ನನ್ನ ತಂದೆಯವರ ನಿಂತುಹೋಗಿದ್ದ ಎಚ್‌ಎಂಟಿ ‘ಜನತಾ’ ವಾಚನ್ನು ಒಯ್ದಿದ್ದೆ. ದಿನವೂ ಚಾವಿ ಕೊಡಬೇಕಾದ, ಒಳಗಿನ ಚಕ್ರಗಳು ಸವೆಯದಂತೆ ಕೂರಿಸಿದ 17 ಪುಟ್ಟ ಕಲ್ಲುಗಳ (ಜ್ಯುವೆಲ್) ಈ ವಾಚಿಗೆ ಬಿಡಿಭಾಗಗಳೇ ಸಿಗುವುದಿಲ್ಲವೆಂದು ಬೇರೆ ಇಬ್ಬರು ಕೈಚೆಲ್ಲಿದ್ದರು. ಇವರಾದರೋ ಹಿಂಬದಿಯ ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ವಾಚಿನ ಗತಿ ಕಾಯುವ ಬ್ಯಾಲೆನ್ಸ್ ಚಕ್ರವನ್ನು ಚಿಮುಟದ ತುದಿಯಿಂದ ಒಮ್ಮೆ ಮೆಲ್ಲನೆ ಮುಟ್ಟಿ, “ಎಣ್ಣೆ ಒಣಗಿದೆ ಸ್ವಾಮಿ, ಬೇರೇನೂ ಆಗಿಲ್ಲ” ಎಂದರು.

ಕಾರ್ಖಾನೆಯಲ್ಲಿ ದಿನವಿಡೀ ಒಂದೇ ಭಾಗವನ್ನು ಕೂರಿಸುತ್ತಿದ್ದ ತಮಗೆ ಇಲ್ಲಿ ಇಡೀ ವಾಚು ಕೈಗೆ ಬರುತ್ತದೆ, ಅದರ ಜೊತೆಗೆ ಅದನ್ನು ಕಟ್ಟಿಕೊಂಡವರ ಕಥೆಯೂ ಬರುತ್ತದೆ ಎಂದು ಅವರು ಹೇಳುವಾಗ ಮುಖದಲ್ಲಿ ಕಂಡ ಗೆಲುವು ವ್ಯಾಪಾರದ ಮಾತಿನದಾಗಿರಲಿಲ್ಲ.

ಕೊರತೆಯೂ ಇದೆ. ನಾಲ್ಕು ದಿನವೆಂದದ್ದು ಹನ್ನೊಂದು ದಿನವಾಯಿತು. ರಸೀದಿ ಕೊಡುವ ಪದ್ಧತಿ ಇಲ್ಲ, ಹೆಸರು ಬರೆದ ಚೀಟಿಯೇ ಎಲ್ಲ. ತೊಳೆದು ಎಣ್ಣೆ ಹಾಕಿದ್ದಕ್ಕೆ ತೆಗೆದುಕೊಂಡದ್ದು 450 ರೂಪಾಯಿ. ವಾಚು ಈಗ ದಿನಕ್ಕೆ ಅರ್ಧ ನಿಮಿಷ ಮುಂದೆ ಓಡುತ್ತಿದೆ. ತಂದೆಯವರಿಗೆ ಅದರ ಬಗ್ಗೆ ದೂರಿಲ್ಲ.