ಕ್ಲೌನ್ ಮೀನಿನ ಮೈಮೇಲೆ ಕಪ್ಪು ಮಚ್ಚೆ: ಸಿಹಿನೀರಿನ ಸ್ನಾನ, ಔಷಧ, ಜಾಲರಿ ಮತ್ತು ಕಾಯುವುದು

ನ್ಯೂಜೆರ್ಸಿಯ ನಮ್ಮ ಮನೆಯ ನಡುಮನೆಯಲ್ಲಿರುವ 150 ಲೀಟರಿನ ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಟ್ಯಾಂಕಿನಲ್ಲಿ, 2021ರಿಂದ ಒಂದು ಜೋಡಿ ಓಸೆಲ್ಲಾರಿಸ್ ಕ್ಲೌನ್ ಮೀನುಗಳಿವೆ. 2023ರ ಫೆಬ್ರುವರಿಯಲ್ಲಿ ಅದೇ ಟ್ಯಾಂಕಿಗೆ ಒಂದು ಟಾರ್ಚ್ ಹವಳವನ್ನು ತಂದಿಟ್ಟೆ. ನಾಲ್ಕನೆಯ ದಿನವೇ ಹೆಣ್ಣು ಮೀನು ಅದರ ಬಳುಕುವ ಎಳೆಗಳ ನಡುವೆ ಮಲಗತೊಡಗಿತು. ಎರಡನೆಯ ವಾರ ಅದರ ಗಲ್ಲದ ಮೇಲೆ, ಎದೆಯ ಈಜುರೆಕ್ಕೆಯ ಕೆಳಗೆ ಮತ್ತು ನಡುವಿನ ಬಿಳಿ ಪಟ್ಟಿಯ ಅಂಚಿನಲ್ಲಿ, ಮಸಿ ಮೆತ್ತಿದ ಬೆರಳಿನಿಂದ ಯಾರೋ ಮುಟ್ಟಿದಂತೆ ಕಪ್ಪು ಮಚ್ಚೆಗಳು ಕಾಣಿಸಿಕೊಂಡವು. ವಿಡಿಯೊ ಕರೆಯಲ್ಲಿ ಅದನ್ನು ನೋಡಿದ ಅಮ್ಮ, 'ದೃಷ್ಟಿಬೊಟ್ಟು ಇಟ್ಟ ಹಾಗಿದೆಯಲ್ಲೋ' ಎಂದರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಅಲ್ಲಿಂದ ನವೆಂಬರಿನವರೆಗೆ ನಾಲ್ಕು ದಾರಿಗಳನ್ನು ಒಂದೊಂದಾಗಿ ಪ್ರಯತ್ನಿಸಿದ್ದೇನೆ. ಇವೆಲ್ಲ ಒಂದೇ ಟ್ಯಾಂಕಿನಲ್ಲಿ, ಎರಡೇ ಮೀನುಗಳ ಮೇಲೆ ನಡೆದ ಪ್ರಯೋಗಗಳು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಪ್ರತಿ ಭಾನುವಾರ ಬೆಳಿಗ್ಗೆ ಬಿಳಿ ಬೆಳಕಿನಲ್ಲಿ, ಮೀನಿನ ಎರಡೂ ಪಕ್ಕಗಳ ಫೋಟೊ ತೆಗೆದಿಡುತ್ತಿದ್ದೆ. ರೀಫ್ ಟ್ಯಾಂಕಿನ ನೀಲಿ ಬೆಳಕಿನಲ್ಲಿ ಕಿತ್ತಳೆ ಬಣ್ಣವೇ ಕಪ್ಪಾಗಿ ತೋರುವುದರಿಂದ, ಆ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ನಂಬಿ ಮಚ್ಚೆ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ತೀರ್ಮಾನಿಸಲಾಗದು.

ಮೊದಲು ಮಾಡಿದ್ದು ನೀರಿನ ಪರೀಕ್ಷೆ. ಅಮೋನಿಯಾ ಸೋಂಕಿದ ಮೀನಿನ ಚರ್ಮ ಮಾಯುವಾಗಲೂ ಹೀಗೆ ಕಪ್ಪಾಗುವುದುಂಟು. ನಮ್ಮ ಟ್ಯಾಂಕಿನಲ್ಲಿ ಅಮೋನಿಯಾ ಸೊನ್ನೆ ಇತ್ತು, ಉಪ್ಪಿನಂಶವನ್ನು ತೋರಿಸುವ ಸಾಪೇಕ್ಷ ಸಾಂದ್ರತೆ 1.025ರಲ್ಲಿ ಮತ್ತು ಉಷ್ಣಾಂಶ 25.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತಿತ್ತು. ಹಾಗಾಗಿ ನನ್ನ ಅನುಮಾನ ಪರೋಪಜೀವಿಯ ಕಡೆಗೆ ತಿರುಗಿತು.

ಸಿಹಿನೀರಿನ ಸ್ನಾನವನ್ನು ಮೊದಲು ಆರಿಸಿಕೊಳ್ಳಲು ಕಾರಣವಿತ್ತು. ಪರಿಚಯದವರೊಬ್ಬರ ಹಳದಿ ಟ್ಯಾಂಗ್ ಮೀನಿಗೆ ಹಿಂದಿನ ವರ್ಷ ಕಪ್ಪು ಚುಕ್ಕೆಗಳಾಗಿದ್ದಾಗ ಐದು ನಿಮಿಷದ ಸ್ನಾನದಲ್ಲಿ ಸಣ್ಣ ಹುಳುಗಳು ಉದುರಿದ್ದನ್ನು ನಾನೇ ಕಂಡಿದ್ದೆ. ಪ್ಯಾರಾವೋರ್ಟೆಕ್ಸ್ ಎಂಬ ಆ ಚಪ್ಪಟೆ ಹುಳು ಮೀನಿನ ಚರ್ಮದಲ್ಲಿ ಕೆಲವು ದಿನ ಬೆಳೆದು, ಮರಳಿಗೆ ಬಿದ್ದು, ಅಲ್ಲಿ ಮರಿ ಮಾಡುತ್ತದೆ. ನಮಗೆ ಕಾಣುವ ಚುಕ್ಕೆ ಹುಳುವಿನದೇ ಬಣ್ಣ. ಆರ್‌ಓ ನೀರನ್ನು ಟ್ಯಾಂಕಿನ ಉಷ್ಣಾಂಶಕ್ಕೆ ತಂದು, ಅಡುಗೆ ಸೋಡಾ ಬೆರೆಸಿ ಪಿಎಚ್ ಅನ್ನು 8.2ಕ್ಕೆ ಏರಿಸಿ, ಗಾಳಿಕಲ್ಲಿನಿಂದ ಗುಳ್ಳೆ ಹರಿಸಿ, ಬಿಳಿ ಬಕೆಟ್ಟಿನಲ್ಲಿ ಹೆಣ್ಣು ಮೀನನ್ನು ನಾಲ್ಕು ನಿಮಿಷ ಇಟ್ಟೆ. ಮೊದಲ ಅರ್ಧ ನಿಮಿಷ ಅದು ಮಗ್ಗುಲಾಗಿ ಬಿದ್ದಿದ್ದನ್ನು ನೋಡುವುದು ಬಹಳ ಕಷ್ಟವಾಯಿತು. ಬಕೆಟ್ಟಿನ ತಳದಲ್ಲಿ ಏನೂ ಉದುರಿರಲಿಲ್ಲ, ಮಚ್ಚೆಗಳೂ ಇದ್ದಂತೆಯೇ ಇದ್ದವು. ವಾರದ ನಂತರ ಇನ್ನೊಮ್ಮೆ ಮಾಡಿದಾಗಲೂ ಫಲ ಅಷ್ಟೇ. ಬಲೆಯಲ್ಲಿ ಹಿಡಿಯುವ ಗಲಿಬಿಲಿಗೆ ಮೀನು ಎರಡು ದಿನ ಸರಿಯಾಗಿ ತಿನ್ನಲಿಲ್ಲ.

ಆದರೂ ಈ ಸ್ನಾನವನ್ನು ವ್ಯರ್ಥವೆಂದು ನಾನು ಹೇಳಲಾರೆ, ಏಕೆಂದರೆ ಚಿಕಿತ್ಸೆಯಾಗಿ ಸೋತ ಅದು ಪರೀಕ್ಷೆಯಾಗಿ ನೆರವಿಗೆ ಬಂತು. ಹುಳುವಿದ್ದರೆ ಬಕೆಟ್ಟಿನಲ್ಲಿ ಸಾಕ್ಷಿ ಸಿಗುತ್ತದೆ. ಎರಡು ಬಗೆಯ ಮಚ್ಚೆಗಳ ಅಂತರವೂ ಆಗಲೇ ನನ್ನ ಕಣ್ಣಿಗೆ ಸ್ಪಷ್ಟವಾದದ್ದು. ಟ್ಯಾಂಗಿನ ಚುಕ್ಕೆಗಳು ಗಸಗಸೆ ಕಾಳಿಗಿಂತಲೂ ಸಣ್ಣವಾಗಿ, ತುಸು ಉಬ್ಬಿಕೊಂಡು, ದಿನದಿಂದ ದಿನಕ್ಕೆ ಜಾಗ ಬದಲಿಸುತ್ತಿದ್ದವು, ಮತ್ತು ಆ ಮೀನು ಕಲ್ಲಿಗೆ ಮೈಯುಜ್ಜುತ್ತಿತ್ತು. ನನ್ನ ಕ್ಲೌನ್ ಮೀನಿನ ಮಚ್ಚೆಗಳು ಚಪ್ಪಟೆಯಾಗಿ, ಅಂಚು ಕದಡಿದಂತೆ, ಒಂದೇ ಜಾಗದಲ್ಲಿ ನಿಂತಿದ್ದವು. ಅವು ಇದ್ದದ್ದೆಲ್ಲ ಹವಳಕ್ಕೆ ತಾಗುವ ಭಾಗಗಳಲ್ಲಿ; ಬೆನ್ನಿನ ಮೇಲೆ ಒಂದೂ ಇರಲಿಲ್ಲ.

ಇಷ್ಟು ಕಂಡ ಮೇಲೂ ಮಾರ್ಚಿನಲ್ಲಿ ಔಷಧಕ್ಕೆ ಕೈಹಾಕಿದೆ. ಚಪ್ಪಟೆ ಹುಳುಗಳಿಗೆ ಬಳಸುವ ಪ್ರಾಜಿಕ್ವಾಂಟೆಲ್ ಅನ್ನು ಆರಿಸಿ, ಎರಡೂ ಮೀನುಗಳನ್ನು 38 ಲೀಟರಿನ ಕ್ವಾರಂಟೈನ್ ಟ್ಯಾಂಕಿಗೆ ವರ್ಗಾಯಿಸಿದೆ. ಅಲ್ಲಿ ಸ್ಪಂಜಿನ ಫಿಲ್ಟರು ಮತ್ತು ಅಡಗಿಕೊಳ್ಳಲು ಪಿವಿಸಿ ಕೊಳವೆಯ ತುಂಡುಗಳ ಹೊರತು ಬೇರೇನೂ ಇರಲಿಲ್ಲ. ಲೀಟರಿಗೆ 2.5 ಮಿಲಿಗ್ರಾಂ ಲೆಕ್ಕದಲ್ಲಿ ವಾರದ ಅಂತರದಲ್ಲಿ ಎರಡು ಬಾರಿ ಔಷಧ ಹಾಕಿದೆ. ಮಚ್ಚೆಗಳು ಮೊದಲು ಕಂದಾದವು, ಆಮೇಲೆ ಅಂಚಿನಿಂದ ಕರಗುತ್ತ ಬಂದವು, 24ನೆಯ ದಿನ ಮೈ ಸ್ವಚ್ಛವಾಯಿತು. ಔಷಧ ಗೆದ್ದಿತೆಂದು ಮನಸಾರೆ ನಂಬಿದೆ, ಇಬ್ಬರಿಗೆ ಹಾಗೆಂದು ಸಲಹೆಯನ್ನೂ ಕೊಟ್ಟೆ. ಆ ಸಲಹೆಗಾಗಿ ಈಗಲೂ ಮನಸ್ಸು ನೋಯುತ್ತದೆ. ಏಪ್ರಿಲ್‌ನಲ್ಲಿ ಮೀನುಗಳನ್ನು ಮರಳಿ ರೀಫ್ ಟ್ಯಾಂಕಿಗೆ ಬಿಟ್ಟ ಒಂಬತ್ತೇ ದಿನಕ್ಕೆ, ಹೆಣ್ಣು ಮೀನಿನ ಗಲ್ಲದ ಮೇಲೆ ಅದೇ ಜಾಗದಲ್ಲಿ ಅದೇ ಮಸಿ ಮರಳಿತು.

ಎಲ್ಲಿ ತಪ್ಪಿದೆನೆಂಬುದು ಆಗ ಹೊಳೆಯಿತು. ಕ್ವಾರಂಟೈನ್ ಟ್ಯಾಂಕಿನಲ್ಲಿ ಔಷಧವಿತ್ತು ನಿಜ, ಆದರೆ ಅಲ್ಲಿ ಹವಳವಿರಲಿಲ್ಲ. ಎರಡು ಸಂಗತಿಗಳನ್ನು ಒಟ್ಟಿಗೆ ಬದಲಿಸಿ ಫಲವನ್ನು ಒಂದರ ಲೆಕ್ಕಕ್ಕೆ ಬರೆದಿದ್ದೆ.

ಮೇ ತಿಂಗಳಿನಲ್ಲಿ ಒಂದನ್ನು ಮಾತ್ರ ಬದಲಿಸುವ ನಿರ್ಧಾರ ಮಾಡಿದೆ. ಚಾವಣಿಯ ದೀಪಗಳ ಕೆಳಗೆ ಬೆಳಕು ಹರಡಲು ಹಾಕುವ ಬಿಳಿ ಪ್ಲಾಸ್ಟಿಕ್ ಜಾಲರಿಯನ್ನು ಅಳತೆಗೆ ಕತ್ತರಿಸಿ ರೀಫ್ ಟ್ಯಾಂಕಿಗೆ ಅಡ್ಡಲಾಗಿ ನಿಲ್ಲಿಸಿ, ಟಾರ್ಚ್ ಹವಳವನ್ನು ಒಂದು ಪಕ್ಕಕ್ಕೂ ಮೀನುಗಳನ್ನು ಇನ್ನೊಂದು ಪಕ್ಕಕ್ಕೂ ಮಾಡಿದೆ. ಹವಳದ ಎಳೆಗಳು ಉದ್ದಕ್ಕೆ ಚಾಚುವುದರಿಂದ ಜಾಲರಿಗೂ ಹವಳಕ್ಕೂ ನಡುವೆ ಒಂದು ಗೇಣಿನಷ್ಟು ಜಾಗ ಬಿಡಬೇಕಾಯಿತು. ನೀರು ಅದೇ, ಆಹಾರ ಅದೇ, ಬೆಳಕೂ ಅದೇ. ತಪ್ಪಿದ್ದು ಹವಳದ ಸ್ಪರ್ಶವೊಂದೇ. ಮಚ್ಚೆಗಳು 27 ದಿನಗಳಲ್ಲಿ ಮಾಸಿದವು. ಔಷಧದ ಸುತ್ತಿಗೂ ಇದಕ್ಕೂ ಇದ್ದ ವ್ಯತ್ಯಾಸ ಮೂರೇ ದಿನ, ಮತ್ತು ಈ ಸುತ್ತಿನಲ್ಲಿ ಮೀನು ಒಂದು ಹೊತ್ತಿನ ಊಟವನ್ನೂ ತಪ್ಪಿಸಲಿಲ್ಲ. ತೊಂದರೆಯೆಂದರೆ ಟ್ಯಾಂಕಿನ ಅಂದ ಕೆಟ್ಟಿತು, ಜಾಲರಿಯ ಮೇಲೆ ಪಾಚಿ ಹಿಡಿದು ವಾರಕ್ಕೊಮ್ಮೆ ಉಜ್ಜುವ ಕೆಲಸ ಬಿತ್ತು. ಹೆಣ್ಣು ಮೀನು ರಾತ್ರಿಯೆಲ್ಲ ಜಾಲರಿಗೆ ಮೂತಿ ಇಟ್ಟು ಹವಳದ ಕಡೆಗೇ ಮುಖ ಮಾಡಿ ನಿಲ್ಲುತ್ತಿದ್ದುದನ್ನು ನೋಡಿದಾಗ, ನಾನು ಉಪಚಾರ ಮಾಡುತ್ತಿದ್ದೇನೆಯೇ ಅಥವಾ ಮನೆಯಿಂದ ಹೊರಹಾಕಿದ್ದೇನೆಯೇ ಎಂಬ ಪ್ರಶ್ನೆ ಕಾಡಿತು.

ಹವಳದ ಎಳೆಗಳಲ್ಲಿ ಕುಟುಕು ಕೋಶಗಳಿವೆ. ಕಡಲಿನಲ್ಲಿ ಓಸೆಲ್ಲಾರಿಸ್ ಆಶ್ರಯಿಸುವುದು ಮ್ಯಾಗ್ನಿಫಿಕಾ, ಜೈಗಾಂಟಿಯಾ ಮತ್ತು ಮೆರ್ಟೆನ್ಸಿ ಎಂಬ ಮೂರು ಜಾತಿಯ ಅನಿಮೋನ್‌ಗಳನ್ನು, ಅಂದರೆ ಕುಟುಕುವ ಎಳೆಗಳುಳ್ಳ ಕಡಲಜೀವಿಗಳನ್ನು. ಟಾರ್ಚ್ ಹವಳ ಅದರ ಸಹಜ ಮನೆಯಲ್ಲ. ಮೀನಿನ ಮೈಯ ಲೋಳೆ ಕುಟುಕನ್ನು ತಡೆಯುತ್ತದಾದರೂ, ಪರಕೀಯ ಮನೆಯಲ್ಲಿ ಅದರ ತಡೆ ಪೂರ್ತಿ ಸಾಲದೆ ಚರ್ಮ ಕೆರಳಿ, ಮೆಲನಿನ್ ಹೊತ್ತ ವರ್ಣಕೋಶಗಳು ಆ ಜಾಗದಲ್ಲಿ ಗಾಢವಾಗುತ್ತವೆ ಎಂಬ ವಿವರಣೆಯೇ ನಾನು ಕಂಡದ್ದಕ್ಕೆ ಹೊಂದುತ್ತದೆ. ಆಶ್ರಯ ಬದಲಾದರೆ ಈ ಮೀನುಗಳ ಬಣ್ಣವೇ ಬದಲಾಗುವುದು ಕಡಲಿನಲ್ಲಿಯೂ ಕಂಡಿರುವ ಸಂಗತಿ. ಕ್ಲಾರ್ಕಿ ಜಾತಿಯ ಕ್ಲೌನ್ ಮೀನು ಮೆರ್ಟೆನ್ಸಿ ಅನಿಮೋನಿನಲ್ಲಿ ವಾಸಿಸುವಾಗ ಬಹುಪಾಲು ಕಪ್ಪಾಗಿರುತ್ತದೆ. ಪಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯ ಪರ್ಕ್ಯುಲಾ ಜಾತಿಯ ಕ್ಲೌನ್ ಮೀನಿನ ಮರಿಗಳಲ್ಲಿ ಬಿಳಿ ಪಟ್ಟಿಗಳು ಮೂಡುವ ವೇಗ ಅವು ಯಾವ ಅನಿಮೋನಿನಲ್ಲಿವೆ ಎಂಬುದನ್ನು ಅವಲಂಬಿಸಿದೆ ಎಂದೂ, ಅದರ ಹಿಂದೆ ಥೈರಾಯ್ಡ್ ಹಾರ್ಮೋನು ಇದೆ ಎಂದೂ 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇದನ್ನು ಓದಿದ ಮೇಲೆ ಮಚ್ಚೆಯ ಬಗ್ಗೆ ನನಗಿದ್ದ ಭಯ ಬಹಳಷ್ಟು ಇಳಿಯಿತು.

ಆ ಧೈರ್ಯದಿಂದಲೇ ಜುಲೈನಲ್ಲಿ ಜಾಲರಿಯನ್ನು ತೆಗೆದು, ಏನನ್ನೂ ಮಾಡದೆ ಕಾಯುವ ನಾಲ್ಕನೆಯ ದಾರಿಯನ್ನು ಹಿಡಿದೆ. ಹೆಣ್ಣು ಮೀನು ಅದೇ ದಿನ ಹವಳಕ್ಕೆ ಮರಳಿತು, 11ನೆಯ ದಿನ ಮಚ್ಚೆಗಳು ಮರಳಿದವು, ಆಗಸ್ಟ್ ತಿಂಗಳ ಕೊನೆಗೆ ಹಿಂದೆಂದಿಗಿಂತ ಹೆಚ್ಚಾದವು. ಕೈಕಟ್ಟಿ ಕುಳಿತುಕೊಳ್ಳುವುದು ಸ್ನಾನಕ್ಕಿಂತಲೂ ಔಷಧಕ್ಕಿಂತಲೂ ಕಠಿಣವಾದ ಕೆಲಸವೆಂದು ಆ ತಿಂಗಳಲ್ಲಿ ಅರಿತೆ. ಸೆಪ್ಟೆಂಬರಿನಿಂದ ಹೊಸ ಮಚ್ಚೆ ಮೂಡುವುದು ನಿಂತು, ಹಳೆಯವು ತೆಳುವಾಗುತ್ತ, ನವೆಂಬರಿನ ಮಧ್ಯದ ಹೊತ್ತಿಗೆ ಸುಮಾರು ಅರ್ಧದಷ್ಟು ಉಳಿದವು. ಈ ನಡುವೆ ಗಂಡು ಮೀನೂ ಹವಳಕ್ಕೆ ಸೇರಿತು, ಅದರ ಎದೆಯ ಮೇಲೂ ಎರಡು ಮಚ್ಚೆ ಬಿದ್ದವು.

ಇವುಗಳಲ್ಲಿ ಒಂದನ್ನು ಆರಿಸೆಂದರೆ, ಕಾರಣ ತಿಳಿಯದಿರುವಾಗ ನನ್ನ ಆಯ್ಕೆ ಜಾಲರಿ. ಮೂರ್ನಾಲ್ಕು ವಾರಗಳಲ್ಲಿ ಅದು ಉತ್ತರವನ್ನೂ ಉಪಶಮನವನ್ನೂ ಒಟ್ಟಿಗೆ ಕೊಡುತ್ತದೆ, ಮೀನಿನ ಮೈಗೆ ಕೈ ತಾಗಿಸುವುದಿಲ್ಲ. ಕಾರಣ ಹವಳವೇ ಎಂದು ಖಚಿತವಾಗಿದ್ದು ಮೀನು ಚೆನ್ನಾಗಿ ತಿನ್ನುತ್ತಿದ್ದರೆ ಕಾಯುವುದೇ ಮೇಲು. ಉಬ್ಬಿದ, ಸ್ಥಳ ಬದಲಿಸುವ ಚುಕ್ಕೆಗಳಿದ್ದರೆ ಮಾತ್ರ ಸ್ನಾನ. ಬಕೆಟ್ಟಿನಲ್ಲಿ ಹುಳು ಕಂಡರೆ ಮಾತ್ರ ಔಷಧ. ತಾಮ್ರದ ಔಷಧವನ್ನು ಹಾಕಿ ನೋಡೆಂದವರೂ ಇದ್ದರು. ರೀಫ್ ಟ್ಯಾಂಕಿಗೆ ತಾಮ್ರ ಬಿದ್ದರೆ ಹವಳ, ಸೀಗಡಿ, ಬಸವನಹುಳುಗಳು ಸಾಯುತ್ತವೆ, ಕಲ್ಲುಗಳು ಅದನ್ನು ಹೀರಿಕೊಳ್ಳುತ್ತವೆ. ಆ ದಾರಿಯನ್ನು ನಾನು ಯೋಚಿಸಲೂ ಇಲ್ಲ. ಮಚ್ಚೆಯ ಜೊತೆಗೆ ಮೈಯಿಂದ ಬಿಳಿ ಲೋಳೆ ಸುಲಿಯುತ್ತಿದ್ದರೆ, ಕಿವಿರು ವೇಗವಾಗಿ ಬಡಿದುಕೊಳ್ಳುತ್ತಿದ್ದರೆ, ಮೀನು ಆಹಾರ ಬಿಟ್ಟಿದ್ದರೆ ಈ ಹೋಲಿಕೆಯನ್ನು ಬದಿಗಿಡಬೇಕು: ಕ್ಲೌನ್ ಮೀನುಗಳಿಗೆ ತಗಲುವ ಬ್ರೂಕ್ಲಿನೆಲ್ಲಾ ಎಂಬ ಪರೋಪಜೀವಿ ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ, ಆಗ ಕಾಯಲು ಸಮಯವಿರುವುದಿಲ್ಲ.

ಟಾರ್ಚ್ ಹವಳ ಈಗಲೂ ಅದೇ ಬಂಡೆಯ ಮೇಲಿದೆ. ಹೆಣ್ಣು ಮೀನಿನ ಗಲ್ಲದ ಮಚ್ಚೆ ಪೂರ್ತಿ ಹೋಗಿದೆ, ಈಜುರೆಕ್ಕೆಯ ಕೆಳಗಿನ ಒಂದು ಮಾತ್ರ ಎಳ್ಳಿನಷ್ಟಾಗಿ ಉಳಿದಿದೆ. ಭಾನುವಾರದ ಫೋಟೊ ತೆಗೆಯುವುದನ್ನು ನಾನು ನಿಲ್ಲಿಸಿಲ್ಲ.